ನಶ್ಯ ಊದುವವರು

ಬಟ್ಟಂಬಾಂಗ್
12 ನವೆಂಬರ್ 1996

ಪೂಜ್ಯ ಭಂತೆಯವರಿಗೆ ತಂಗಿಯ ವಂದನೆಗಳು.

'ಮೆಲ್ಲಗೆ ಊದ್ಬೇಕು, ಮಗೂಗೆ ಗಂಜಿ ಆರಿಸೋ ಹಾಗೆ' ಎಂದಿದ್ದಿರಿ. ಅಥವಾ ಗಂಜಿಯ ಮಾತು ನಾನೇ ಸೇರಿಸಿಕೊಂಡದ್ದೋ ಏನೋ. ಅಮ್ಮನ ಬಾಯಿ ಒಂದು ಕಡೆಗೆ ವಾಲಿದ ವರ್ಷ ಅದು. ತಾವಿನ್ನೂ ಭಿಕ್ಷುವಾಗಿ ಚೀವರ ತೊಟ್ಟಿರಲಿಲ್ಲ. ನಶ್ಯವನ್ನು ತಾನೇ ಊದಿಕೊಳ್ಳಲು ಅವಳ ತುಟಿ ಕೂಡುತ್ತಿರಲಿಲ್ಲ. ಪುಡಿ ತುಂಬಿದ ಬಾಗಿದ ಕಂಚಿನ ಕೊಳವೆಯ ಒಂದು ತುದಿ ಅವಳ ಮೂಗಿನಲ್ಲಿ, ಇನ್ನೊಂದು ತಮ್ಮ ಬಾಯಲ್ಲಿ.

ನಿಘಂಟಿನ ಕರಡನ್ನು ಮನೆಗೇ ತಂದಿದ್ದೇನೆ. 'ಸ್ನಫ್' ಎಂಬ ಇಂಗ್ಲಿಷ್ ಪದದ ಬಳಿ ಕೆಲಸ ನಿಂತಿದೆ. ಬತ್ತಿಯ ಸುಟ್ಟ ತುದಿ, ದೀಪ ನಂದಿಸುವುದು, ಮೂಸುವುದು ಇವಕ್ಕೆಲ್ಲ ಖಮೇರ್ ಮಾತು ಸಿಕ್ಕಿತು. ಹೊಗೆಸೊಪ್ಪಿನ ಪುಡಿ ಎಂಬ ಅರ್ಥಕ್ಕೆ 'ಥ್ನಾಂ ಹೆತ್' ಎಂದು ಬರೆದು, 'ಮೂಗಿನಿಂದ ತಾನೇ ಎಳೆದುಕೊಳ್ಳುವ ಪುಡಿ' ಎಂದು ವಿವರಿಸಿದೆ. ಅಮ್ಮನಿಗೆ ಓದಿ ಹೇಳಿದೆ.

ಅವಳು ಅರ್ಧ ಬಾಯಲ್ಲೇ ನಕ್ಕಳು. 'ತಾನೇ ಎಳ್ಕೊಳ್ಳೋ ಶಕ್ತಿ ಇದ್ದಿದ್ರೆ ನಿನ್ನ ಮುಖ ಯಾಕೆ ನೋಡ್ತಿದ್ದೆ, ಕಾಗದದ ಹುಳವೇ?'

ಕೊಳವೆ ಬಾಯಿಗಿಟ್ಟು ಊದಿದೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು ಅವಳಿಗೆ. 'ಒಲೆ ಊದ್ತೀಯೇನೆ? ಅವನನ್ನ ಕರಿ' ಎಂದಳು. ಸುಧಾರಿಸಿಕೊಂಡು, 'ಬೇಡ ಬೇಡ. ಚೀವರದಲ್ಲಿರೋನು ಹೆಂಗಸನ್ನ ಮುಟ್ಟಬಾರ್ದು. ಮಗ ನನ್ನ ಮುಟ್ಟಿದ್ರೆ ಅವನ ಪುಣ್ಯಾನ ನಾನೇ ತಿಂದ ಹಾಗೆ' ಎಂದಳು.

ಆ ಪುಣ್ಯ ಅವಳಿಗಾಗಿಯೇ ಅಲ್ಲವೇ ತಾವು ಗಳಿಸುತ್ತಿರುವುದು?

ಮೂರು ದಿನದಿಂದ ಗಂಜಿಯೂ ಇಳಿಯುತ್ತಿಲ್ಲ. ಇನ್ನೊಂದು ವಾರ ಎಂದಿದ್ದಾರೆ ಡಾಕ್ಟರು. ಇಂದು ಬೆಳಿಗ್ಗೆಯೂ ನಶ್ಯ ಕೇಳಿದಳು, ತಮ್ಮನ್ನೂ ಕೇಳಿದಳು. ಚೀವರ ಬಿಟ್ಟು ಬನ್ನಿ ಎಂದರೆ ಅವಳ ಮಾತು ಮೀರಿದಂತೆ. ಬರಬೇಡಿ ಎಂದು ಬರೆಯಲು ಕೈ ಏಳುತ್ತಿಲ್ಲ. ಬಂದು ದೂರ ಕೂತು ಸೂತ್ರ ಪಠಿಸಿದರೂ ಸಾಕು ಎಂದು ಬರೆದೆ, ಹೊಡೆದುಹಾಕಿದೆ. ಸಾಕಾಗುವುದಿಲ್ಲ. ನಿಘಂಟಿನ ಆ ಸಾಲನ್ನೂ ಇನ್ನೂ ತಿದ್ದಿಲ್ಲ.

ತಮ್ಮ ತಂಗಿ,
ಕುನ್ಥಿಯ

ಮರೆತದ್ದು: ಅಮ್ಮ ಈ ಮಾತುಗಳನ್ನೆಲ್ಲ ಆಡಿದ್ದು ಕಳೆದ ವಾರ. ಇಂದು ಬೆಳಿಗ್ಗೆಯೂ ಕೇಳಿದಳು ಎಂದು ಬರೆದದ್ದು ಸುಳ್ಳು, ಅವಳು ಏನೂ ಕೇಳಲಿಲ್ಲ. ಮೊನ್ನೆಯಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಶ್ಯವೂ ಬೇಡ, ಯಾರ ಹೆಸರೂ ಇಲ್ಲ. ಕರೆಯುತ್ತಿರುವವಳು ನಾನು. ಅಣ್ಣಾ, ನನಗಾಗಿ ಎಂದರೆ ಬರುತ್ತೀಯಾ?