ಮುರಳಿಗೂ ಒಂದು ಎಲೆ

ಸೆಪ್ಟೆಂಬರ್ 10, ಬುಧವಾರ — ನಾಮ್ ಪೆನ್

ಇವತ್ತೂ ಅದೇ. ಬೆಳಿಗ್ಗೆ ನಮ್ಮ ರಾಯಭಾರ ಕಚೇರಿ, ಮಧ್ಯಾಹ್ನ ಪೊಲೀಸ್ ಠಾಣೆ, ಸಂಜೆ ರೂಮು. ಎಲ್ಲರೂ ಮರ್ಯಾದೆಯಾಗಿಯೇ ಮಾತಾಡುತ್ತಾರೆ. ಮುರಳಿಯ ಹೆಸರು ಬರೆದುಕೊಳ್ಳುತ್ತಾರೆ. ಮೊನ್ನೆಯೇ ಬರೆದುಕೊಂಡಿರಲ್ಲ ಸಾರ್ ಎಂದರೆ, ಇನ್ನೊಂದು ಸಲ ಹೇಳಿ ಮೇಡಂ ಎನ್ನುತ್ತಾರೆ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಮ್ಮಿ ಎಂದು ಅತ್ತೆ ಗದರುತ್ತಿದ್ದರು. ಈಗ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಅದೂ ಸ್ಪೆಲ್ಲಿಂಗ್ ಸಮೇತ.

ಟುಕ್‌ಟುಕ್‌ನವನು ನನ್ನನ್ನು ಟೂರಿಸ್ಟ್ ಎಂದುಕೊಂಡ. ಫೋಟೋ ತೋರಿಸಿದ — ಗಾಜಿನ ಗೋಪುರ, ಒಳಗೆ ಮೇಲಿನ ತನಕ ತಲೆಬುರುಡೆ. ಪೋಲ್ ಪಾಟ್ ಎಂಬ ಸರ್ವಾಧಿಕಾರಿಯ ಕಾಲದಲ್ಲಿ ಸಾಯಿಸಿದವರದ್ದಂತೆ. ಒಂಟಿಯಾಗಿ ಬರುವವರೆಲ್ಲ ಮೊದಲು ಅಲ್ಲಿಗೇ ಹೋಗುತ್ತಾರಂತೆ. ಬೇಡಪ್ಪ ಎಂದೆ. ನಾನು ಹುಡುಕುತ್ತಿರುವುದು ಬದುಕಿರುವವನನ್ನು.

ಬದುಕಿರುವವನನ್ನೇ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕ್ಯಾಬ್ ಓಡಿಸಿಕೊಂಡು ಸುಖವಾಗಿದ್ದ ಮನುಷ್ಯ. ಹಿಂದಿನ ಸೀಟಿನಲ್ಲಿ ಕೂತ ಯಾವನೋ ಏಜೆಂಟ್ — ಕಾಂಬೋಡಿಯಾ, ಡೇಟಾ ಎಂಟ್ರಿ, ಎಸಿ ರೂಮು ಎಂದ. ಇವನು ಹೊರಟೇಬಿಟ್ಟ. ಆಷಾಢದಲ್ಲಿ ಕೊನೆಯ ಫೋನು. ಪಿಸುಗುಟ್ಟುತ್ತಿದ್ದ. “ಮೋಸ ಹೋಗ್ಬಿಟ್ಟೆ ಕಣೇ ಪ್ರಮೋದಾ. ಫೋನಲ್ಲಿ ಜನಕ್ಕೆ ಟೋಪಿ ಹಾಕೋ ಕೆಲ್ಸ ಇದು. ಆಗಲ್ಲ ಅಂದ್ರೆ ಕರೆಂಟ್ ಶಾಕ್ ಕೊಡ್ತಾರೆ. ಲೊಕೇಶನ್ ಕಳಿಸ್ತೀನಿ. ಅಮ್ಮಂಗೆ ಹೇಳ್ಬೇಡ.” ಲೊಕೇಶನ್ ಬಂತು. ಆಮೇಲೆ ಏನೂ ಇಲ್ಲ.

ಸೆಪ್ಟೆಂಬರ್ 11

ದೊಡ್ಡಬೆಳವಂಗಲದಿಂದ ಅತ್ತೆಯ ಫೋನು. ಊಟ ಆಯಿತಾ ಎಂದು ಕೇಳಿ ಅಳಲು ಶುರು. ಪಿತೃಪಕ್ಷ ನಡೆಯುತ್ತಿದೆ. ಅಮಾವಾಸ್ಯೆಗೆ ಮನೆಯಲ್ಲಿ ಎಡೆ ಇಡಬೇಕು — ಸತ್ತವರಿಗೆ ತಲಾ ಒಂದು ಬಾಳೆಲೆ, ಅದರಲ್ಲಿ ಅವರವರಿಗೆ ಇಷ್ಟವಾದದ್ದು.

“ಅಮಾಸೆ ಹೊತ್ಗೆ ಒಂದ್ ಮಾತ್ ಹೇಳ್ಬಿಡಮ್ಮ. ಇರೋನಿಗೆ ಎಡೆ ಇಟ್ರೆ ನಾವೇ ಕೈಯಾರೆ ಕಳಿಸ್ದಂಗೆ. ಹೋಗಿರೋನಿಗೆ ಇಡ್ದಿದ್ರೆ ಹಸ್ಕೊಂಡ್ ಅಲೀತಾನೆ. ನಾನೇನ್ ಮಾಡ್ಲಿ?”

“ಇಡ್ಬೇಡಿ ಅತ್ತೆ. ಕರ್ಕೊಂಡೇ ಬರ್ತೀನಿ.”

ಎಷ್ಟು ಗಟ್ಟಿಯಾಗಿ ಹೇಳಿದೆ! ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ನನ್ನದು ಲೈನ್ ಸೂಪರ್‌ವೈಸರ್ ಕೆಲಸ, ಅದೇ ದನಿ. ಟಾರ್ಗೆಟ್ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ, ಆಗುತ್ತೆ ಸಾರ್ ಎನ್ನುವ ದನಿ.

ಸೆಪ್ಟೆಂಬರ್ 13 — ಸಿಹನೂಕ್‌ವಿಲ್

ಬಸ್ಸಿನಲ್ಲಿ ಬಂದೆ. ದಾರಿಯಲ್ಲಿ ಗಾರ್ಮೆಂಟ್ಸ್ ಹುಡುಗಿಯರು, ತೆರೆದ ಲಾರಿಯಲ್ಲಿ ಒತ್ತಿಕೊಂಡು ನಿಂತಿದ್ದರು. ನಮ್ಮ ಹುಡುಗಿಯರದ್ದೇ ಮುಖ, ನಮ್ಮದೇ ಸುಸ್ತು. ಕಿಟಕಿಯಿಂದ ಕೈ ಬೀಸಿದೆ. ಒಬ್ಬಳು ಬೀಸಿದಳು. ಇಲ್ಲಿಗೆ ಬಂದಮೇಲೆ ಆದ ಒಳ್ಳೆಯದು ಇಷ್ಟೇ.

ಇಲ್ಲಿ ಸಮುದ್ರ ಇದೆ. ನೋಡಲಿಲ್ಲ. ಲೊಕೇಶನ್ ಹಿಡಿದು ಹೋದೆ. ಎತ್ತರದ ಗೋಡೆ, ಅದರ ಮೇಲೆ ಮುಳ್ಳುತಂತಿ, ಎಲ್ಲ ಮಹಡಿಯ ಕಿಟಕಿಗೂ ಸರಳು. ಗೇಟು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ರೇಡ್ ಆಗುತ್ತದೆಂದು ಗೊತ್ತಾಗಿ ಎಲ್ಲರನ್ನೂ ಬಸ್ಸಿಗೆ ತುಂಬಿ ಸಾಗಿಸಿದರಂತೆ. ಅಂಗಳದಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಒಂದೊಂದನ್ನೂ ತಿರುವಿ ನೋಡಿದೆ. ಅವನದು ಯಾವ ಚಪ್ಪಲಿ ಎಂದು ನೆನಪಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಅದೊಂದು ನೆನಪಿಲ್ಲ ನನಗೆ.

ಸೆಪ್ಟೆಂಬರ್ 17

ಹೊಸಕೋಟೆಯ ಆನಂದ್ ಸಿಕ್ಕಿದ. ಅದೇ ಮುಳ್ಳುತಂತಿಯ ಕಾಂಪೌಂಡಿನಿಂದ ತಪ್ಪಿಸಿಕೊಂಡವನು. ಊರಿಗೆ ಹೋಗುವ ಪೇಪರ್‌ಗೆ ಕಾಯುತ್ತಿದ್ದಾನೆ. ಮುರಳಿಯ ಪಕ್ಕದ ಮಂಚದವನು. ಕನ್ನಡ ಕಿವಿಗೆ ಬಿದ್ದದ್ದಕ್ಕೇ ಅತ್ತುಬಿಟ್ಟ. ಆಮೇಲೆ ಅಳುವೆಯಂತೆ, ಮೊದಲು ವಿಷಯ ಹೇಳಪ್ಪ ಎಂದೆ.

“ಅಣ್ಣ ಟೆರೇಸಿಂದ ಪೈಪ್ ಹಿಡ್ಕೊಂಡು ಇಳಿಯೋಕ್ ಹೋದ್ರು ಅಕ್ಕ. ಕೈ ಜಾರ್ಬಿಡ್ತು.”

“ಆಮೇಲೆ?”

“ವ್ಯಾನಿಗೆ ಹಾಕ್ಕೊಂಡ್ ಹೋದ್ರು.”

“ಉಸ್ರಿತ್ತಾ?”

“ನಾನ್ ಮೇಲಿಂದ ನೋಡ್ದೆ ಅಕ್ಕ. ಗೊತ್ತಾಗ್ಲಿಲ್ಲ.”

“ಕೈ ಕಾಲು ಆಡ್ತಿತ್ತಾ?”

“ಆಸ್ಪತ್ರೆಗೆ ಅಂತ ಒಬ್ಬ ಅಂದ. ಇನ್ನೊಬ್ಬ...” ಅಲ್ಲಿಗೇ ನಿಲ್ಲಿಸಿ ನನ್ನ ಕಾಲು ನೋಡುತ್ತ ಕೂತ.

ಆಸ್ಪತ್ರೆಗಳನ್ನೆಲ್ಲ ಸುತ್ತಿದೆ. ಇಲ್ಲ. ಶವಾಗಾರದಲ್ಲೂ ಇಲ್ಲ. ಇಲ್ಲ ಎಂದಾಗ ಒಂದು ಕ್ಷಣ ಖುಷಿಯಾಗುತ್ತದೆ. ಬೀದಿಗೆ ಬರುವಷ್ಟರಲ್ಲಿ ಅದೂ ಹೋಗಿರುತ್ತದೆ.

ಸೆಪ್ಟೆಂಬರ್ 20 — ಮತ್ತೆ ನಾಮ್ ಪೆನ್

ಗೆಸ್ಟ್‌ಹೌಸಿನ ಯಜಮಾನಿ ಚಂಥಾ ನಸುಕಿಗೇ ಎಬ್ಬಿಸಿ ಬುದ್ಧನ ಗುಡಿಗೆ ಕರೆದುಕೊಂಡು ಹೋದರು. ಇವರಿಗೂ ಇದೇ ಹೊತ್ತಿಗೆ ಪಿತೃಪಕ್ಷ! ಕತ್ತಲಲ್ಲೇ ಗುಡಿ ಸುತ್ತುತ್ತ ಅನ್ನದ ಉಂಡೆ ಎಸೆಯುತ್ತಾರೆ, ಎಳ್ಳು ಕಲಸಿದ್ದು. ನಮ್ಮ ಪಿಂಡವೇ. ಸತ್ತವರು ತಮ್ಮವರನ್ನು ಹುಡುಕಿಕೊಂಡು ಏಳು ಗುಡಿ ಅಲೆಯುತ್ತಾರಂತೆ, ಬೆಳಕು ಹರಿದರೆ ಬರುವುದಿಲ್ಲವಂತೆ.

ಚಂಥಾ ಮಗುವಾಗಿದ್ದಾಗ, ಆ ಪೋಲ್ ಪಾಟ್ ಕಾಲದಲ್ಲೇ, ಮೀಟಿಂಗ್ ಇದೆ ಎಂದು ಅವರಪ್ಪನನ್ನು ಕರೆದುಕೊಂಡು ಹೋದರಂತೆ. ಅಷ್ಟೇ. ಸತ್ತದ್ದು ನೋಡಿದವರಿಲ್ಲ. ಅಪ್ಪ ಯಾವ ಗುಡಿಗೆ ಬಂದು ಹುಡುಕುತ್ತಾರೋ ಎಂದು ಪ್ರತಿ ವರ್ಷ ಏಳು ಗುಡಿಗೂ ಹೋಗುತ್ತಾರೆ. ಅವರಮ್ಮ ಮಾತ್ರ ಒಂದು ಉಂಡೆಯನ್ನೂ ಎಸೆಯಲಿಲ್ಲವಂತೆ. ಸಾಯುವ ತನಕ ಬಾಗಿಲ ಕಡೆ ಮುಖ ಮಾಡಿಯೇ ಮಲಗುತ್ತಿದ್ದರಂತೆ. ಹರುಕುಮುರುಕು ಇಂಗ್ಲಿಷಿನಲ್ಲಿ ಇದನ್ನೆಲ್ಲ ಸಲೀಸಾಗಿ ಹೇಳಿದರು, ಬಸ್ಸಿನ ಟೈಮು ಹೇಳಿದ ಹಾಗೆ.

ನನ್ನ ಕೈಗೂ ಒಂದು ಉಂಡೆ ಇಟ್ಟರು. “ಹಸ್ಬೆಂಡ್?” ಎಂದರು. ಎಸೆಯಲಾಗಲಿಲ್ಲ. ಕಾಗದದಲ್ಲಿ ಸುತ್ತಿಕೊಂಡು ಬಂದೆ. ಮೇಜಿನ ಮೇಲಿದೆ. ಆ ಅಮ್ಮನೇ ಆಗಿಬಿಡುತ್ತೇನಾ ನಾನು? ಭಯವಾಗುತ್ತಿದೆ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಆನಂದ್ ಹೇಳಿದ್ದನ್ನು ಅತ್ತೆಗೆ ಹೇಳಿಲ್ಲ. “ಸುಳಿವು ಸಿಕ್ಕಿದೆ ಅತ್ತೆ, ಇಡ್ಬೇಡಿ” ಎಂದೆ. “ಹೂಂ ಕಣಮ್ಮ, ಅವ್ನಿಗ್ಯಾಕ್ ಇಡ್ಲಿ?” ಎಂದರು. ಅತ್ತೆ ಅಳಲಿಲ್ಲ. ಅದೇ ಆಶ್ಚರ್ಯ.

ಸಂಜೆ

ಎಡೆ ನೋಡು ಎಂದು ವಿಡಿಯೋ ಕಾಲ್ ಮಾಡಿದರು. ಮೊಬೈಲ್ ಹಿಡಿಯಲು ಬರುವುದಿಲ್ಲ. ಮೊದಲು ಸೂರು ಕಂಡಿತು, ಆಮೇಲೆ ಅವರ ಕಿವಿ. ಕೊನೆಗೆ ಗೋಡೆಗೆ ಒರಗಿಸಿಟ್ಟರು. ಮಾವನ ಫೋಟೋ, ಮುಂದೆ ಎಲೆ — ಮುದ್ದೆ, ಮಟನ್ ಸಾರು, ಬೀಡಿ ಕಟ್ಟು. ಮಾವನ ಅಪ್ಪ ಅಮ್ಮನಿಗೆ ಎರಡು ಎಲೆ. ಮೂಲೆಯಲ್ಲಿ ಇನ್ನೊಂದು. ಅದಕ್ಕೆ ಫೋಟೋ ಇಲ್ಲ. ಎಲೆಯ ತುಂಬ ಕುರಿ ಕರುಳಿನ ಬೋಟಿ ಗೊಜ್ಜು. ನಮ್ಮ ಮನೆಯಲ್ಲಿ ಬೋಟಿ ತಿನ್ನುವವನು ಮುರಳಿ ಒಬ್ಬನೇ. ಪಕ್ಕದಲ್ಲಿ ಮಡಿಸಿದ ಬಿಳಿ ಶರ್ಟು, ಕ್ಯಾಬಿನ ಯೂನಿಫಾರ್ಮು. ಕಾಲರ್ ಸವೆದಿತ್ತೆಂದು ತಿರುಗಿಸಿ ಹೊಲಿದವಳು ನಾನೇ.

“ಅದ್ಯಾರಿಗೆ ಅತ್ತೆ?”

“ದಿಕ್ಕಿಲ್ದೋರಿಗೆ ಕಣಮ್ಮ. ಯಾರಾದ್ರೂ ಬರ್ತಾರಲ್ಲ.” ಮುಖ ತೋರಿಸಲಿಲ್ಲ.

ನಾನು ಅವರಿಗೆ ಸುಳ್ಳು ಹೇಳಿದೆ, ಅವರು ನನಗೆ.

“ಸರಿ ಅತ್ತೆ. ಬಾಗಿಲು ಮುಚ್ಚಿ.”

ದೀಪ ಹಚ್ಚಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಎಡೆ ಇಟ್ಟಮೇಲೆ ಒಳಗೆ ಯಾರೂ ಇರಬಾರದು. ಸತ್ತವರು ಬಂದು ಉಣ್ಣುವಾಗ ಬದುಕಿರುವವರ ಕಣ್ಣು ಬೀಳಬಾರದು. ಬಿದ್ದರೆ ಹಸಿದುಕೊಂಡೇ ಎದ್ದು ಹೋಗುತ್ತಾರೆ.

ಫೋನು ಒಳಗೇ ಬಿಟ್ಟಿದ್ದಾರೆ. ಕಟ್ ಮಾಡುವುದು ಮರೆತಿದ್ದಾರೆ.

ಬಾಗಿಲಾಚೆ ಅತ್ತೆ ಅಳುತ್ತಿರುವುದು ಸಣ್ಣಗೆ ಕೇಳುತ್ತಿದೆ. ಒಳಗೆ ದೀಪ, ನಾಲ್ಕು ಎಲೆ, ಶರ್ಟು. ಕಟ್ ಮಾಡಬೇಕು ನಾನು. ಎಡಗೈ ಬೆರಳು ಕೆಂಪು ಗುಂಡಿಯ ಹತ್ತಿರವೇ ಇದೆ. ನಾನು ನೋಡುತ್ತಿದ್ದರೆ ಅವನು ಉಣ್ಣುವುದಿಲ್ಲ. ಕಟ್ ಮಾಡಿದರೆ — ಬಂದು ಉಣ್ಣು ಎಂದು ನಾನೇ ಒಪ್ಪಿದ ಹಾಗೆ.

ಅಲ್ಲಿ ಹೊಟ್ಟೆಗೆ ಏನು ಕೊಡುತ್ತಿದ್ದರೋ... ಬೋಟಿ ಆರಿ ಹೋಗುತ್ತಿದೆ... ಉಣ್ಣು ಮುರಳಿ, ನೋಡಲ್ಲ, ಕಟ್ ಮಾಡ್ತೀನಿ, ನಾನು