ಸ್ಟೀರಿಂಗ್ ಕಸಿದ ಕೈಯಂತ್ರ

ಕಂಪನಿಯ ಆರೋಗ್ಯ ತಪಾಸಣಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಮನಸ್ಸಿಲ್ಲ. ಬರೆದೆ ಎಂದೇ ತಿಳಿದುಕೊಳ್ಳಿ. ಟಿವಿ ರಿಮೋಟಿನಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಕಣ್ಣಿನ ಮುಂದೆ ಹಿಡಿಸಿ, ಅದು ತೋರಿಸಿದ ಒಂದು ಅಂಕಿಯನ್ನು ನಂಬಿ, ಡ್ರೈವರ್ ಆಗಿದ್ದ ನನ್ನನ್ನು ನೀವು ಬಸ್ಸಿನಿಂದ ಇಳಿಸಿದ್ದೀರಿ. ತಿಂಗಳ ಕೊನೆಗೆ ವೀಸಾ ಕ್ಯಾನ್ಸಲ್ ಎಂದೂ ಹೇಳಿ ಕಳಿಸಿದ್ದೀರಿ. ನೀವೂ ಮಂಗಳೂರಿನ ಕಡೆಯವರು, ಕನ್ನಡ ಓದುತ್ತೀರಿ. ಹಾಗಾಗಿ ಇಲ್ಲಿಯ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇನೆ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಪೂರ್ತಿ ಓದಿ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಗೋದಾಮಿನಲ್ಲಿ ಡ್ರೈವರುಗಳನ್ನೆಲ್ಲ ಸಾಲು ನಿಲ್ಲಿಸಿ ಕಣ್ಣಿನ ಒತ್ತಡ ಅಳೆಸಿದಿರಿ. ಬಿಳಿ ಕೋಟಿನವರು ನೇರ ನೋಡಿ, ಅಲ್ಲಾಡಬೇಡಿ ಎಂದರು. ನಾನು ಎದೆ ತುಂಬ ಉಸಿರೆಳೆದು ಕಟ್ಟಿಕೊಂಡೆ. ಯಾಕೆ ಎಂದು ಕೇಳುತ್ತೀರಾ? ಗಲ್ಫಿಗೆ ಬಂದಲ್ಲಿಂದ ಪ್ರತಿ ವೀಸಾ ಮೆಡಿಕಲ್‌ನಲ್ಲೂ ಎದೆಯ ಎಕ್ಸ್‌ರೇ ತೆಗೆಯುವಾಗ ನಮಗೆ ಕಲಿಸಿದ್ದು ಅದೊಂದೇ, ಉಸಿರು ಕಟ್ಟು, ಅಲ್ಲಾಡಬೇಡ. ಈಗ ಬಿಳಿ ಕೋಟು ಕಂಡರೆ ಸಾಕು, ಎದೆ ತಾನಾಗಿ ಬಿಗಿಯುತ್ತದೆ. ನನ್ನ ಹಿಂದಿದ್ದ ಶುಕೂರ್ ಎಂಬ ಡ್ರೈವರೂ ಹಾಗೇ ಮಾಡಿದನಂತೆ. ಯಂತ್ರ ನನಗೆ ಮೂವತ್ತು ಎಂದಿತು. ಇಪ್ಪತ್ತೊಂದು ದಾಟಿದರೆ ಅಪಾಯವಂತೆ. ಖಲಾಸ್, ಬಸ್ಸಿನ ಕೀ ಕೊಡಿ ಎಂದರು.

ಒತ್ತಡ ಏರಿದರೆ ಕಣ್ಣಿನ ನರ ಸತ್ತು ಕುರುಡಾಗುತ್ತೀರಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ನಾನು ಅಂದೇ ಕುರುಡನಾದೆ. ನಾವಿರುವ ಅಲ್ ಕುಸೈಸಿನಲ್ಲಿ ರಸ್ತೆ ದಾಟುವಾಗ ಹೆಂಡತಿ ಮುನೀರಾ ನನ್ನ ಕೈ ಹಿಡಿಯತೊಡಗಿದಳು. ಬಿಡು ಎಂದು ಗದರಿದರೆ, "ಸಿಟ್ಟು ಮಾಡಿದ್ರೆ ಕಣ್ಣಿನ ಪ್ರೆಶರ್ ಏರ್ತದೆ, ಸುಮ್ಮನೆ ಬನ್ನಿ" ಎನ್ನುತ್ತಾಳೆ. ನೋಡಿ, ಸಿಟ್ಟು ಮಾಡುವ ಹಕ್ಕೂ ಹೋಯಿತು.

ಅದೇ ಹೆದರಿಕೆಯಲ್ಲಿ ಅಲ್ ಬರ್ಷಾದ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಡಾಕ್ಟರ್ ಅಕ್ಷಿತಾ ಉಡುಪಿಯವರು. ಅವರ ಕೈಯಲ್ಲೂ ಅಂಥದ್ದೇ ಯಂತ್ರ. ಕಣ್ಣಿನ ಹತ್ತಿರ ತಂದವರು ಹಾಗೇ ಕೆಳಗಿಳಿಸಿದರು.

"ಇದೆಂತ ಮಾರಾಯ್ರೇ, ಉಸಿರು ಕಟ್ಟಿ ಕೂತಿದ್ದೀರಿ? ನೀರಿಗೆ ಮುಳುಗ್ಲಿಕ್ಕುಂಟಾ?"

"ಬಿಡ್ಲಿಕ್ಕೆ ಯಾರೂ ಹೇಳ್ಲಿಲ್ಲ," ಎಂದೆ.

ಅವರು ನಗಲಿಲ್ಲ. ಉಸಿರು ಕಟ್ಟಿಸಿ ಒಮ್ಮೆ, ಬಿಡಿಸಿ ಒಮ್ಮೆ ಅಳೆದರು. ಕಟ್ಟಿದಾಗ ಇಪ್ಪತ್ತೊಂಬತ್ತು, ಬಿಟ್ಟಾಗ ಹದಿನೇಳು. ಆಮೇಲೆ ಕಣ್ಣು ಮರಗಟ್ಟುವ ಮದ್ದು ಹಾಕಿ, ಗದ್ದವನ್ನು ದೊಡ್ಡ ಯಂತ್ರಕ್ಕೆ ಆನಿಸಿ, ನೀಲಿ ಬೆಳಕಿನಲ್ಲಿ ನೋಡಿದರು. ಅಲ್ಲೂ ಹದಿನೇಳೇ. ಕಣ್ಣಿನ ನರವೂ ಚೆನ್ನಾಗಿದೆ ಎಂದರು. ಆ ವರದಿ ತಂದುಕೊಟ್ಟರೆ ನಿಮ್ಮ ಆಫೀಸಿನವರು ಹೇಳಿದ್ದೇನು? ಸಿಸ್ಟಮ್‌ನಲ್ಲಿ ಒಂದೇ ಅಂಕಿಗೆ ಜಾಗವಂತೆ, ಅದು ಆಗಲೇ ತುಂಬಿದೆಯಂತೆ. ಭೇಷ್. ನನ್ನ ಕಣ್ಣು ಇರುವುದು ನನ್ನ ತಲೆಯಲ್ಲೋ, ನಿಮ್ಮ ಸಿಸ್ಟಮ್‌ನಲ್ಲೋ?

ಕೈಯಂತ್ರವನ್ನು ಕಸಕ್ಕೆ ಎಸೆಯಿರಿ ಎನ್ನುತ್ತಿಲ್ಲ. ಹಾಸಿಗೆ ಹಿಡಿದವರಿಗೆ, ಮಕ್ಕಳಿಗೆ ಅದು ಬೇಕೇ ಬೇಕು ಎಂದು ಡಾಕ್ಟರೇ ಹೇಳಿದರು. ಆದರೆ ಅದರ ಮಾತನ್ನು ಕೊನೆಯ ತೀರ್ಪು ಮಾಡಿದವರು ಯಾರು? ಕಣ್ಣಿನ ಮುಂದಿನ ಪದರ ತೆಳ್ಳಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆಯನ್ನೂ ತೋರಿಸಬಹುದಂತೆ. ಹೆಚ್ಚು ಬಂದ ನಾನು ಕೂಗಾಡುತ್ತೇನೆ. ಕಡಿಮೆ ಬಂದವನು ಖುಷಿಯಲ್ಲಿ ಜನ ತುಂಬಿದ ಬಸ್ಸು ಓಡಿಸುತ್ತಿರುತ್ತಾನೆ. ಅವನ ನೋಟದ ಎರಡೂ ಬದಿ ಮೆಲ್ಲಗೆ ಕತ್ತಲಾಗುತ್ತಿದ್ದರೆ ಅವನಿಗೇ ತಿಳಿಯುವುದಿಲ್ಲ. ಆ ಬಸ್ಸಿನಲ್ಲಿ ನಿಮ್ಮ ಮನೆಯವರು ಕೂತಿದ್ದರೆ ಆಗಲೂ ಸಿಸ್ಟಮ್‌ನಲ್ಲಿ ಜಾಗ ತುಂಬಿದೆ ಎನ್ನುತ್ತೀರಾ?

ಯಂತ್ರ ಹಿಡಿಯುವವರು ಮೊದಲು ಉಸಿರಾಡಿ ಎಂದು ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲಿ. ಹೆಚ್ಚು ಬಂದವರನ್ನು ಇಳಿಸುವ ಮೊದಲು ದೊಡ್ಡ ಯಂತ್ರಕ್ಕೆ ಕಳಿಸಿ, ಪಾಸಾದವರ ನರವನ್ನೂ ನೋಡಿಸಿ. ನನ್ನನ್ನು ನಿಮಗೆ ಬೇಕಾದ ಆಸ್ಪತ್ರೆಗೇ ಕಳಿಸಿ, ನೀವೂ ಬಂದು ಪಕ್ಕದಲ್ಲಿ ನಿಲ್ಲಿ. ಕಣ್ಣು ಕೆಟ್ಟಿದೆ ಎಂದು ಅಲ್ಲಿ ತೀರ್ಮಾನವಾದರೆ ಲೈಸೆನ್ಸನ್ನು ನಿಮ್ಮ ಮೇಜಿನ ಮೇಲೆ ನಾನೇ ಇಟ್ಟು ಊರಿಗೆ ಹೋಗುತ್ತೇನೆ. ಬಸ್ಸು ತುಂಬ ಕೂತವರ ಪ್ರಾಣಕ್ಕಿಂತ ನನ್ನ ಹಠ ದೊಡ್ಡದಲ್ಲ. ಕೆಟ್ಟಿಲ್ಲ ಎಂದಾದರೆ ನನ್ನ ಕೀ ನನಗೆ ಕೊಡಿ. ಅಲ್ಲಿಯವರೆಗೆ ವೀಸಾ ಕ್ಯಾನ್ಸಲ್ ಕಾಗದಕ್ಕೆ ನನ್ನ ಸಹಿ ಸಿಗುವುದಿಲ್ಲ.

ಇಂತಿ,
ಡ್ರೈವರ್ ಇಸ್ಮಾಯಿಲ್,
ಸದ್ಯಕ್ಕೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವ