ಹುಟ್ಟುಹಬ್ಬಕ್ಕೆ ಧನ್‌ಸಾಕ್

ಕಾಂಗಾ ಬಾಗ್, ಎರಡನೆಯ ಮಹಡಿ
ಮುಂಬೈ
೬ ಫೆಬ್ರವರಿ ೨೦೨೪, ಮಂಗಳವಾರ

ಪ್ರೀತಿಯ ತಂಗಿ ಪಿಲೂ,

ಸಾಹೇಬ್‌ಜಿ. ನೀನು ಚೆನ್ನಾಗಿದ್ದೀಯೆಂದು ಗೊತ್ತು. ಹೇಗೆ ಗೊತ್ತು ಎಂಬುದನ್ನು ಮುಂದೆ ಬರೆಯುತ್ತೇನೆ. ಉತ್ತರ ತಡವಾಯಿತು, ಕ್ಷಮಿಸು. ಇಪ್ಪತ್ತೊಂದು ವರ್ಷ ತಡವಾಯಿತು. ಪ್ರತಿ ನವರೋಜ್‌ಗೆ ನೀನು ಪುಣೆಯಿಂದ ಕಳಿಸಿದ ಕಾರ್ಡುಗಳೆಲ್ಲ ತಲುಪಿವೆ. ಅಂಚೆಯವನ ಮೇಲೆ ತಪ್ಪು ಹೊರಿಸೋಣವೆಂದರೆ, ನಮ್ಮ ಪಾರ್ಸಿ ವಠಾರದಲ್ಲಿ, ಈ ಬಾಗ್‌ನಲ್ಲಿ, ತನ್ನ ಕೆಲಸವನ್ನು ನೆಟ್ಟಗೆ ಮಾಡುವವನು ಅವನೊಬ್ಬನೇ. ನಾನೇ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಒಂದೇ ಕಾರಣಕ್ಕೆ: ನೀನು ಈ ಮನೆಗೆ ಮತ್ತೆ ಬರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೈಯಲು ಶುರುಮಾಡಿದರೆ ನಿಲ್ಲಿಸುವವನಲ್ಲ, ನೀನು ಬಲ್ಲೆ.

ನನ್ನ ಮಂಡಿ ಎರಡೂ ಹೋಗಿವೆ, ಕಿವಿ ಇದೆ. ಕಿವಿಯೂ ಹೋಗಿದ್ದರೆ ಕೆಳಗಿನ ಮನೆಯ ಧನ್‌ಮಾಯಿಯ ಮಾತಾದರೂ ತಪ್ಪುತ್ತಿತ್ತು. ಅವಳಿಗೆ ಈಗ ಎಂಬತ್ತೆಂಟು. ಬೆಳಗಾದರೆ ಕಟ್ಟೆಯ ಮೇಲೆ ಕೂತು ಯಾರ ಮಗಳು ಯಾರ ಜೊತೆ ಓಡಾಡುತ್ತಾಳೆಂದು ಇಡೀ ಬಾಗ್‌ಗೆ ವರದಿ ಒಪ್ಪಿಸುತ್ತಾಳೆ. ನನ್ನನ್ನು ಈ ಹಾಳು ವ್ಯವಹಾರಕ್ಕೆ ತಳ್ಳಿದವಳೂ ಅವಳೇ. ಎರಡು ವರ್ಷದ ಹಿಂದೆ ಒಂದು ದಿನ, "ಏ ಕೇಕಿ, ಒಬ್ಬನೇ ಬೇಯಿಸ್ಕೊಂಡು ಒಬ್ಬನೇ ತಿಂದು ಒಬ್ಬನೇ ತೇಗ್ತೀಯಲ್ಲ, ನಾಲ್ಕು ಜನಕ್ಕಾದ್ರೂ ಹಾಕೋ" ಎಂದಳು. ಅವಳ ಸೊಸೆ ಯಾವುದೋ ಪ್ರವಾಸದ ಕಂಪನಿಗೆ ನನ್ನ ಹೆಸರು ಕೊಟ್ಟಳು. ಅಂದಿನಿಂದ ತಿಂಗಳಿಗೆರಡು ಭಾನುವಾರ ನಮ್ಮ ಅಪ್ಪನ ಊಟದ ಮೇಜಿಗೆ ಊರೂರಿನ ಮಂದಿ ಮುತ್ತುತ್ತಾರೆ.

ಎಂಥ ಮಂದಿ ಅಂತೀಯಾ! ಶನಿವಾರ ಬೆಳಗ್ಗೆ ವಿಮಾನ ಇಳಿಯುತ್ತಾರೆ, ಭಾನುವಾರ ಸಂಜೆ ಹತ್ತುತ್ತಾರೆ. ನಡುವೆ ಇಡೀ ಮುಂಬೈಯನ್ನು "ಮುಗಿಸು"ತ್ತಾರೆ. ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ ಕಚ್ಚಿ ಅರ್ಧ ಬಿಡುತ್ತಾರೆ, ಕೋಟೆಯ ಬೀದಿಯಲ್ಲಿ ಗೋಡೆಗಳ ಫೋಟೋ ಹೊಡೆಯುತ್ತಾರೆ, ಸಂಜೆ ಮಹಮ್ಮದಾಲಿ ರಸ್ತೆಯಲ್ಲಿ ಖೀಮಾ, ಮರುದಿನ ಬೆಳಗ್ಗೆ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ. ಇಡ್ಲಿಯ ಮುಂದೆಯೂ ಮೊಬೈಲು ಹಿಡಿದು ಎರಡು ನಿಮಿಷ ಮೌನ! ನಾನು ಇಲ್ಲಿ ಹುಟ್ಟಿ ಎಪ್ಪತ್ತನಾಲ್ಕು ವರ್ಷವಾಯಿತು, ಇನ್ನೂ ಗ್ರಾಂಟ್ ರೋಡಿನ ಆಚೆ ಬದಿ ಸರಿಯಾಗಿ ನೋಡಿಲ್ಲ. ಇವರಿಗೆ ಮೂವತ್ತಾರು ಗಂಟೆ ಸಾಕು. ಕೊನೆಯದಾಗಿ, ವಿಮಾನ ಹತ್ತುವ ಮೊದಲು, ನನ್ನ ಮನೆ: "ಅಪ್ಪಟ ಪಾರ್ಸಿ ಮನೆಯೂಟ."

ಮೊನ್ನೆ ಭಾನುವಾರ ಬಂದದ್ದು ಏಳು ಜನರ ಗುಂಪು. ಮುಂದೆ ಸಿದ್ಧಾಂತ್ ಎನ್ನುವ ಮಾರ್ಗದರ್ಶಿ, ತಲೆ ಮೇಲೆ ಬೇಟೆಗಾರರ ಟೋಪಿ. ಹುಲಿ ಹೊಡೆಯಲು ಬಂದನೋ, ಊಟಕ್ಕೆ ಬಂದನೋ! ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನ್ನನ್ನು ತೋರಿಸಿ ಭಾಷಣ ಶುರುಮಾಡಿದ: "ಇವ್ರನ್ನ ಚೆನ್ನಾಗಿ ನೋಡ್ಕೊಳ್ಳಿ. ಇನ್ನು ಐವತ್ತು ವರ್ಷಕ್ಕೆ ಈ ಜನ ಇರೋದೇ ಇಲ್ಲ." ನಾನು ಎದುರಿಗೇ ನಿಂತಿದ್ದೇನೆ, ಕೈಯಲ್ಲಿ ನೀರಿನ ಜಗ್ಗು. "ಐವತ್ತು ವರ್ಷಕ್ಕೆ ನೀನೂ ಇರಲ್ಲ ಡೀಕ್ರಾ, ಈ ಟೋಪಿ ಮಾತ್ರ ಇರುತ್ತೆ" ಎಂದೆ. ಎಲ್ಲರೂ ನಕ್ಕರು. ಒಬ್ಬಳು ಅದನ್ನೂ ಮೊಬೈಲಿನಲ್ಲಿ ಹಿಡಿದುಕೊಂಡು, "ಅಂಕಲ್ ಇನ್ನೊಂದ್ಸಲ ಹೇಳಿ, ಬೆಳಕು ಸರಿ ಬರ್ಲಿಲ್ಲ" ಎಂದಳು. ಹೇಳಲಿಲ್ಲ.

ಕೂತರು. ಅಪ್ಪನ ಫೋಟೋ ನೋಡಿ "ರಾಜಮನೆತನವಾ?" ಎಂದು ಕೇಳಿದರು. ಅಪ್ಪ ರೈಲ್ವೆ ಉಗ್ರಾಣದ ಗುಮಾಸ್ತ. ಹೌದು ಎಂದುಬಿಟ್ಟೆ. ಅಮ್ಮನ ಮೇಜುಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಬಡಿಸಿದೆ. ಕಂದು ಅನ್ನ, ಧನ್‌ಸಾಕ್, ಕಬಾಬು, ಈರುಳ್ಳಿಯ ಕಚುಂಬರ್. ಹೊರಗಿನವರಿಗೆ ಪಾರ್ಸಿ ಎಂದರೆ ಧನ್‌ಸಾಕ್, ಮುಗಿಯಿತು. ಕಂಪನಿಯವರ ಪಟ್ಟಿಯಲ್ಲೂ ಅದೊಂದೇ ದಪ್ಪ ಅಕ್ಷರದಲ್ಲಿರುತ್ತದೆ. ಮೂರು ಥರದ ಬೇಳೆ, ಕುಂಬಳ, ಬದನೆ, ಮೆಂತ್ಯ, ಮಾಂಸ, ಎಲ್ಲ ಸೇರಿ ಮೂರು ಗಂಟೆ ಬೆಂದದ್ದನ್ನು ಇವರು, "ಓಹೋ, ಸಾಂಬಾರಿಗೆ ಮಟನ್ ಹಾಕಿದ್ದಾರೆ" ಎಂದರು.

ಆಗ ಸಿದ್ಧಾಂತ್ ಎದ್ದು ಚಪ್ಪಾಳೆ ತಟ್ಟಿದ. "ಫ್ರೆಂಡ್ಸ್, ಇವತ್ತು ನಮ್ಮ ಪ್ರಣೀತ್ ಹುಟ್ಟುಹಬ್ಬ! ಈ ಧನ್‌ಸಾಕ್ ಅವನಿಗೆ ವಿಶೇಷ. ಪಾರ್ಸಿಗಳು ಶುಭಕಾರ್ಯಕ್ಕೆಲ್ಲ ಇದನ್ನೇ ಮಾಡೋದು." ಪ್ರಣೀತ್ ಎನ್ನುವವನು ಧನ್‌ಸಾಕ್ ಬಟ್ಟಲಿನ ಮೇಲೆ ಮೇಣದಬತ್ತಿ ನಿಲ್ಲಿಸಲು ನೋಡುತ್ತಿದ್ದ. ಅದು ವಾಲಿ ಬೇಳೆಯಲ್ಲಿ ಮುಳುಗುತ್ತಿತ್ತು.

ನಿನಗೆ ನಗು ಬರುತ್ತಿರಬೇಕು. ನಾವು ಭಾನುವಾರ ಧನ್‌ಸಾಕ್ ತಿಂದು ಬಿದ್ದುಕೊಳ್ಳುತ್ತೇವೆ, ಅದು ಬೇರೆ ವಿಷಯ. ಹುಟ್ಟುಹಬ್ಬಕ್ಕೆ ಅದನ್ನು ಇಡುವುದೆಂದರೆ ಮದುವೆ ಮನೆಯಲ್ಲಿ ತಿಥಿ ಅಡುಗೆ ಬಡಿಸಿದಂತೆ. ಸತ್ತ ಮನೆಯಲ್ಲಿ ಮೂರು ದಿನ ಮಾಂಸ ಮುಟ್ಟದೆ, ನಾಲ್ಕನೆಯ ದಿನ ಮೊದಲು ಒಲೆಗಿಡುವ ಪಾತ್ರೆ ಅದು. ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಹಾಡಿಕೊಳ್ಳಲಿ, ತಮ್ಮ ತಿಥಿಯನ್ನು ತಾವೇ ಆಚರಿಸಿಕೊಳ್ಳಲಿ ಎಂದು ಗೋಡೆಗೊರಗಿ ನಿಂತು ಮಜಾ ನೋಡಿದೆ. ಇದೊಂದು ಖುಷಿ ನನಗೆ ಇತ್ತೀಚೆಗೆ ಚೆನ್ನಾಗಿ ಅಭ್ಯಾಸವಾಗಿದೆ.

ಎಲ್ಲರೂ ಹಾಡಿದರು. ಒಬ್ಬಳು ಹಾಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಹುಡುಗಿ, ಕತ್ತರಿಸಿದ ಕೂದಲು, ಮೂಗಿನ ತುದಿಗಿಳಿದ ಕನ್ನಡಕ. ಅವಳ ತಟ್ಟೆಯಲ್ಲಿ ಬರೀ ಅನ್ನ ಮತ್ತು ಕಚುಂಬರ್. ನನಗೆ ರೇಗಿತು. "ಏನಮ್ಮಾ, ನಮ್ಮ ಅಡುಗೆ ಸೇರಲ್ವಾ? ಇಷ್ಟು ದೂರ ಅನ್ನ ಈರುಳ್ಳಿ ತಿನ್ನೋಕೆ ಬಂದ್ಯಾ?" ಎಂದೆ.

"ಸೇರುತ್ತೆ. ಆದ್ರೆ ಇದು ಪ್ರಣೀತ್ ಹುಟ್ಟುಹಬ್ಬದ ಊಟ ಅಂದ್ರಲ್ಲ. ಹುಟ್ಟುಹಬ್ಬದ ದಿನ ಧನ್‌ಸಾಕ್ ತಿನ್ನಬಾರ್ದು. ಶಾವಿಗೆ, ಸಿಹಿ ಮೊಸರು, ಮೀನು ಮಾಡ್ಬೇಕು."

ಟೋಪಿಯವನು ಮೊಬೈಲಿನಲ್ಲಿ ಹುಡುಕತೊಡಗಿದ.

"ಯಾರು ಹೇಳಿಕೊಟ್ರು ನಿಂಗೆ?"

"ನಮ್ಮಮ್ಮ. ಮಮಯ್‌ಜಿ ತೀರ್ಕೊಂಡಾಗ ನಾಲ್ಕನೇ ದಿನ ಅಮ್ಮ ಇದನ್ನೇ ಮಾಡಿದ್ಲು."

ತಾಯಿಯ ತಾಯಿಯನ್ನು ಮಮಯ್‌ಜಿ ಎನ್ನುವವರು ನಮ್ಮವರಲ್ಲದೆ ಇನ್ಯಾರು, ಪಿಲೂ? ಕೈಯಲ್ಲಿದ್ದ ಜಗ್ಗನ್ನು ಮೇಜಿನ ಮೇಲಿಟ್ಟೆ. ನಿನ್ನ ಮಗಳನ್ನು ನಾನು ಕೊನೆಯ ಸಲ ನೋಡಿದಾಗ ಅವಳಿಗೆ ಆರು ವರ್ಷ. ಗುರುತಾಗಲಿಲ್ಲ. ಅವಳು ಮಾತ್ರ ನನ್ನನ್ನು ಹುಡುಕಿಕೊಂಡೇ ಬಂದಿದ್ದಳು, ಗೆಳತಿಯ ಹೆಸರಲ್ಲಿ ಜಾಗ ಹಿಡಿದು.

ಏನು ಮಾಡಿದೆ ಎಂದು ಕೇಳಬೇಡ. "ಊಟ ಆಯ್ತಲ್ಲ, ಹೊರಡಿ ಎಲ್ಲಾ, ನಂಗೆ ಮಲಗೋ ಹೊತ್ತು" ಎಂದು ಏಳು ಜನರನ್ನೂ ಎಬ್ಬಿಸಿದೆ. ಸಿದ್ಧಾಂತ್, "ಅಂಕಲ್, ಕಸ್ಟರ್ಡ್ ಇನ್ನೂ..." ಎಂದ. "ಕಸ್ಟರ್ಡು ಐವತ್ತು ವರ್ಷ ಆದ್ಮೇಲೆ ಬಾ, ಕೊಡ್ತೀನಿ" ಎಂದು ಬಾಗಿಲು ತೋರಿಸಿದೆ. ಆರು ಜನ ಇಳಿದರು. ನಿನ್ನ ಕೇತಕಿ ಇಳಿಯಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದಿಟ್ಟು ಅಡುಗೆಮನೆಗೆ ಒಯ್ದಳು, ಕೇಳದೆ.

"ಸುಮ್ನೆ ಬಂದು ಬಾಗಿಲು ತಟ್ಟಬಾರ್ದಿತ್ತಾ?" ಎಂದೆ.

"ತಟ್ಟಿದ್ರೆ ತೆಗೀತಿದ್ರಾ ಮಾಮಾ? ಗುಂಪಿನ ಜೊತೆ ಬಂದ್ರೆ ಹೊರಗೆ ಹಾಕೋಕಾಗಲ್ಲ ಅಂತ ಬಂದೆ. ನೀವು ನೋಡಿದ್ರೆ ಗುಂಪನ್ನೇ ಹೊರಗೆ ಹಾಕಿದ್ರಿ!"

ನಿನ್ನದೇ ನಾಲಿಗೆ. ನಕ್ಕೆ, ಏನು ಮಾಡಲಿ. ಆಮೇಲೆ ನಲ್ಲಿಯ ಕೆಳಗೆ ತಟ್ಟೆ ಹಿಡಿದುಕೊಂಡು, ನನ್ನ ಕಡೆ ನೋಡದೆ, ಅವಳು ಆ ನಾಲ್ಕನೆಯ ದಿನದ ಕಥೆ ಹೇಳಿದಳು. ಅದು ನನಗೆ ಗೊತ್ತಿರಲಿಲ್ಲ. ತೀರಿಹೋದ ಅಮ್ಮನ ಮುಖ ನೋಡದೆ ನೀನು, ಅವಳನ್ನು ಮಲಗಿಸಿದ್ದ ಗುಡ್ಡದ ಮೇಲಿನ ಶವಸಂಸ್ಕಾರದ ಬಂಗಲಿಯಿಂದ ಹಾಗೇ ಪುಣೆಗೆ ವಾಪಸಾದೆ, ಮಾತು ಮುಗಿಯಿತು, ಅಷ್ಟೇ ನನ್ನ ಲೆಕ್ಕ. ಮೂರು ದಿನ ನೀನೊಬ್ಬಳೇ ನೇಮ ಹಿಡಿದದ್ದು, ನಾಲ್ಕನೆಯ ದಿನ ಹತ್ತು ಜನಕ್ಕಾಗುವಷ್ಟು ಧನ್‌ಸಾಕ್ ಮಾಡಿದ್ದು, ನಾನು ಬರುತ್ತೇನೆಂದು ಸಂಜೆಯವರೆಗೆ ತಟ್ಟೆ ಹಾಕಿ ಕೂತದ್ದು ಯಾರು ಹೇಳಬೇಕಿತ್ತು ನನಗೆ?

"ಅಷ್ಟನ್ನೂ ಏನು ಮಾಡಿದ್ಲು?" ಎಂದು ಕೇಳಿದೆ.

"ಅಪ್ಪ ಬಂದು ಕೂತ್ರು. 'ಬಡಿಸು, ನಾನೂ ಈ ಮನೆಯವನೇ' ಅಂದ್ರು. ಹುಟ್ಟಿದಾಗಿಂದ ಮೊಟ್ಟೇನೂ ಮುಟ್ಟಿದವ್ರಲ್ಲ. ಒಂದು ತಟ್ಟೆ ಪೂರ್ತಿ ತಿಂದ್ರು. ಆಮೇಲೆ ಹಿತ್ತಲಿಗೆ ಹೋಗಿ ಎಲ್ಲಾ ವಾಂತಿ ಮಾಡ್ಕೊಂಡ್ರು. ಮುಖ ತೊಳ್ಕೊಂಡು ಬಂದು, ಚೆನ್ನಾಗಿತ್ತು ಅಂದ್ರು."

ನಿನ್ನ ಗಂಡ ಬಾಪಟನನ್ನು ನಾನು ಏನೇನು ಅಂದಿದ್ದೇನೆ! ಬೆಳ್ಳುಳ್ಳಿ ಕಂಡರೆ ಓಡುವವನು, ಮಜ್ಜಿಗೆಹುಳಿ, ಪಂಚಾಂಗ. ಈ ಬಾಗ್‌ನಲ್ಲಿ ಮೂರು ತಲೆಮಾರಿನಿಂದ ಮಾಂಸ ಚಪ್ಪರಿಸುತ್ತಿರುವ ಅರುವತ್ತು ಮನೆಗಳಿವೆ. ಅಮ್ಮನಿಗಾಗಿ ಅವನು ತಿಂದ ಹಾಗೆ ಒಬ್ಬರೂ ತಿನ್ನಲಿಲ್ಲ, ನಾನೂ ಸೇರಿ. ಅವನಿಗೆ ನನ್ನ ನಮಸ್ಕಾರ ಹೇಳು. ಈ ಸಾಲನ್ನು ಅವನಿಗೆ ಓದಿ ತೋರಿಸು, ಮೇಲಿನ ಬೈಗುಳಗಳನ್ನು ಬೇಡ.

ಸಂಜೆ ಐದಕ್ಕೆ ಕೇತಕಿ ಹೊರಟಳು. ಕಟ್ಟೆಯ ಮೇಲಿಂದ ಧನ್‌ಮಾಯಿ ಕೂಗಿದಳು: "ಯಾರೋ ಕೇಕಿ ಅದು, ಮಿಕ್ಕವ್ರೆಲ್ಲಾ ಆಗ್ಲೇ ಹೋದ್ರು, ಇವಳು ಈಗ ಇಳೀತಾಳೆ?" ಇಪ್ಪತ್ತೊಂದು ವರ್ಷದ ಹಿಂದೆ ಅವಳ ಬಾಯಿಗೆ ಹೆದರಿ ನಾನು ಮೆಟ್ಟಿಲು ಇಳಿಯುವಾಗಲೂ ಉಸಿರು ಹಿಡಿಯುತ್ತಿದ್ದೆ. "ನನ್ನ ಸೋದರಸೊಸೆ! ಪಿಲೂ ಮಗಳು! ಸರಿಯಾಗಿ ನೋಡ್ಕೋ, ನಾಳೆ ವರದಿ ಒಪ್ಪಿಸ್ಬೇಕಲ್ಲ!" ಎಂದು ಅವಳಿಗಿಂತ ಗಟ್ಟಿಯಾಗಿ ಕೂಗಿದೆ. ಮುದುಕಿ ಕತ್ತು ಚಾಚಿ ನೋಡಿ, "ಮೂಗು ಪಿಲೂದೇ" ಎಂದಳು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ಕೆನ್ನೆ ಮುಟ್ಟಿದಳು. ಇಷ್ಟು ಸುಲಭವಿತ್ತು ನೋಡು. ನಾನು ಹೆದರಿದ್ದು ಇವಳಿಗೆ!

ಮಾರ್ಚ್ ಇಪ್ಪತ್ತೊಂದಕ್ಕೆ ನವರೋಜ್. ಬಾಪಟನನ್ನೂ ಕರೆದುಕೊಂಡು ಬಾ. ಅವನಿಗೆ ಬೇರೆ ಪಾತ್ರೆಯಲ್ಲಿ ಬೇಳೆ ಮಾಡುತ್ತೇನೆ. ಮೂರು ದಿನವಾದರೂ ಇರಬೇಕು. ಶನಿವಾರ ಬಂದು ಭಾನುವಾರ ಓಡುವವರನ್ನು ನೋಡಿ ಸಾಕಾಗಿದೆ. ಕೇತಕಿಗೆ ದೇವರು ಒಳ್ಳೆಯದು ಮಾಡಲಿ, ಅವಳ ಧೈರ್ಯದಲ್ಲಿ ಕಾಲು ಭಾಗ ಅವಳ ಮಾಮನಿಗೂ ಕೊಡಲಿ. ನೀವು ಮೂವರೂ ನೂರು ವರ್ಷ ಬಾಳಿ, ಒಲೆ ಎಂದೂ ಆರದಿರಲಿ.

ನಿನ್ನ ಅಣ್ಣ,
ಕೇಕಿ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದು ಬರೆಯುತ್ತಿದ್ದೇನೆ. ಹೊರಡುವಾಗ ಕೇತಕಿ ಒಂದು ಮಾತು ಹೇಳಿದಳು: "ಅಮ್ಮ ನಿಮ್ಮನ್ನ ಯಾವತ್ತೂ ಬೈದಿಲ್ಲ ಮಾಮಾ. ಅವತ್ತಿನ ಆ ಪುರೋಹಿತ ದಸ್ತೂರ್‌ನ ಬೈತಾಳೆ. ಕೇಕಿ ಪಾಪ, ಅವನ ಕೈಲಿ ಏನಿತ್ತು ಅಂತಾಳೆ." ಎರಡು ದಿನದಿಂದ ಅನ್ನ ಇಳಿಯುತ್ತಿಲ್ಲ. ನೀನು ಕ್ಷಮಿಸಿರುವುದು ನಾನಲ್ಲದ ಯಾರನ್ನೋ. ನಾನು ಮಾಡಿದ್ದನ್ನು ತಿಳಿದ ಮೇಲೂ ಬರುವುದಾದರೆ ಬಾ.

ನಮ್ಮವರ ಹೊರಗೆ ಮದುವೆಯಾದವಳು ಬಂಗಲಿಯ ಒಳಗೆ ಬರುವಂತಿಲ್ಲ, ದಸ್ತೂರ್‌ಜಿ ಬೇಡವೆನ್ನುತ್ತಾರೆ ಎಂದು ಮೆಟ್ಟಿಲ ಮೇಲೆ ನಿಂತು ನಿನಗೆ ಹೇಳಿದೆನಲ್ಲ, ಅವರು ಹಾಗೆ ಹೇಳಲೇ ಇಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ತಾಯಿ ಮಗಳ ಮಧ್ಯೆ ನಾನ್ಯಾಕೆ ಬರ್ಲಿ? ಕರ್ಕೊಂಡು ಬಾ, ನಾನು ಗೋಡೆ ಕಡೆ ತಿರುಗಿ ನಿಂತಿರ್ತೀನಿ" ಎಂದರು. ನಮ್ಮ ಆಫೀಸಿನಲ್ಲಿ ಅರ್ಸುಲಾ ಎಂಬ ಗೋವಾದ ಹುಡುಗಿ ಟೈಪಿಸ್ಟ್ ಆಗಿದ್ದಳು. ಅವಳನ್ನು ಮದುವೆಯಾಗಬೇಕೆಂದಿದ್ದೆ. ನಿನಗೆ ನಾನು ಹೇಳಿರಲಿಲ್ಲ, ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಮ್ಮ ಅತ್ತಳೆಂದು ಅವಳನ್ನು ಬಿಟ್ಟೆ. ಎರಡು ವರ್ಷದ ನಂತರ ನಿನ್ನ ಮದುವೆಗೂ ಅಮ್ಮ ಅಷ್ಟೇ ಅತ್ತಳು, ನೀನು ಕಣ್ಣೊರೆಸಿಕೊಂಡು ಹೋಗಿಬಿಟ್ಟೆ. ಅಂದು ಕೆಳಗೆ ಬಿಸಿಲಲ್ಲಿ ಮಗಳ ಕೈ ಹಿಡಿದು ನಿಂತಿದ್ದ ನಿನ್ನನ್ನು ಕಂಡು ನನಗೆ ಹೊಟ್ಟೆ ಉರಿಯಿತು, ಪಿಲೂ. ಧರ್ಮವೂ ಅಲ್ಲ, ಧನ್‌ಮಾಯಿಯೂ ಅಲ್ಲ, ಬರೀ ಹೊಟ್ಟೆಕಿಚ್ಚು. ನಿನ್ನನ್ನು ಕಳಿಸಿ ಒಳಗೆ ಬಂದಾಗ ದಸ್ತೂರ್‌ಜಿ ಇನ್ನೂ ಗೋಡೆ ಕಡೆ ಮುಖ ಮಾಡಿಯೇ ನಿಂತಿದ್ದರು. ತಿರುಗದೆಯೇ, "ಮಗಳು ನೋಡಿದ್ಲಾ?" ಎಂದು ಕೇಳಿದರು. ನೋಡಿದಳು ಎಂದೆ.